ಹಸಿರು ಅಂಚೆ: ಜೇನಿನ ಹಾಗೆ ಕಾಣುವ ಹೂ ನಿಜಾನಾ?

ಪ್ರಶ್ನೆ: ಇಂಗ್ಲೆಂಡಿನ ಕಾಡುಹೂ ಅಂತ ಮೊಬೈಲಿಗೆ ಒಂದು ಫೋಟೊ ಬಂತು. ಹೂವಿನ ಮೇಲೆ ಜೇನು ಕೂತಂತಿದೆ, ಆದರೆ ಅದು ಹೂವಿನದೇ ಭಾಗವಂತೆ. ಮಗಳು ನಂಬಿದ್ದಾಳೆ. ನಾನು ಕಂಪ್ಯೂಟರಿನಲ್ಲಿ ಮಾಡಿದ್ದು ಅಂತೀನಿ. ಯಾರು ಸರಿ?
– ಓದುಗರು, ಗಂಗಾವತಿ

ಉತ್ತರ: ಮಗಳೇ ಸರಿ. ಅದರ ಹೆಸರು ಬೀ ಆರ್ಕಿಡ್. ಅಲ್ಲಿನ ಸುಣ್ಣಕಲ್ಲಿನ ನೆಲದ ಹುಲ್ಲುಗಾವಲಲ್ಲಿ ಜೂನ್-ಜುಲೈ ಹೊತ್ತಿಗೆ ಅರಳುತ್ತದೆ. ಗಿಡ ಗೇಣುದ್ದ, ಚೆನ್ನಾಗಿ ಬಂದರೆ ಮೊಳದುದ್ದ. ಹಿಂದೆ ಮೂರು ಗುಲಾಬಿ ಎಸಳು, ಮುಂದೆ ಕಂದು ಬಣ್ಣದ ಉಬ್ಬಿದ ತುಟಿ, ಅದರ ಮೇಲೆ ಹಳದಿ ಗೆರೆ, ಅಂಚಿಗೆ ನವಿರು ರೋಮ. ಹೆಣ್ಣು ಜೇನು ಅಂದುಕೊಂಡು ಗಂಡು ಜೇನು ಬಂದು ಕೂರಲಿ, ಪರಾಗ ಹೊತ್ತೊಯ್ಯಲಿ ಅಂತ ಇಷ್ಟೆಲ್ಲ ವೇಷ. ದಕ್ಷಿಣ ಯುರೋಪಿನ ಕಡೆ ಗಂಡು ಜೇನು ಮೋಸ ಹೋಗುತ್ತದೆ ಕೂಡ. ಆದರೆ ಇಂಗ್ಲೆಂಡಿನಲ್ಲಿ ಹೂವೇ ತನ್ನ ಕೆಲಸ ಮಾಡಿಕೊಳ್ಳುತ್ತದೆ: ಪರಾಗದ ಗಂಟಿನ ತೊಟ್ಟು ಬಾಗಿ ಜೋತು ಬೀಳುತ್ತದೆ, ಗಾಳಿಗೆ ತೂಗಾಡಿ ಅದೇ ಹೂವಿನ ಶಲಾಕಾಗ್ರಕ್ಕೆ ಅಂಟುತ್ತದೆ. ಡಾರ್ವಿನ್ ಇದನ್ನು ನೋಡಿ 1862ರಲ್ಲೇ ಬರೆದಿದ್ದಾರೆ.

ಪ್ರಶ್ನೆ: ಅಲ್ಲಿ ಇಂಥ ವಿಚಿತ್ರ ಗಿಡ ಬೇರೆ ಯಾವುವು?
– ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ನನಗೆ ಜಾಸ್ತಿ ಇಷ್ಟ ಲಾರ್ಡ್ಸ್ ಅಂಡ್ ಲೇಡೀಸ್. ನಾಗರ ಹೆಡೆ ಎತ್ತಿದಂಥ ತಿಳಿಹಸಿರು ಹೊದಿಕೆ, ಒಳಗೆ ನೇರಳೆ-ಕಂದು ದಿಂಡು. ಸಂಜೆಯಾದರೆ ಆ ದಿಂಡು ಬೆಚ್ಚಗಾಗಿ ಸಗಣಿ ವಾಸನೆ ಬಿಡುತ್ತದೆ, ವಾಸನೆಗೆ ಬಂದ ಸಣ್ಣ ನೊಣಗಳು ಜಾರಿ ಕೆಳಗೆ ಬೀಳುತ್ತವೆ, ಮೇಲಿನ ರೋಮಗಳು ಅಡ್ಡ ನಿಂತು ರಾತ್ರಿಯಿಡೀ ಬಿಡುವುದಿಲ್ಲ. ಅಷ್ಟರಲ್ಲಿ ಅವುಗಳ ಮೈಗೆ ಪರಾಗ ಉದುರಿರುತ್ತದೆ. ಮರುದಿನ ರೋಮ ಬಾಡುತ್ತವೆ, ನೊಣಗಳಿಗೆ ಬಿಡುಗಡೆ.

ಇದು ನಮ್ಮ ಸುವರ್ಣಗಡ್ಡೆಯ ಮನೆತನದ್ದೇ. ಕಂಪ್ಲಿಯಲ್ಲಿ ನಮ್ಮ ಹಿತ್ತಲಲ್ಲಿ ಮೊದಲ ಸಲ ಸುವರ್ಣಗಡ್ಡೆ ಹೂ ಬಿಟ್ಟಾಗ ಇಲಿ ಸತ್ತಿದೆ ಅಂತ ಮನೆಯವರೆಲ್ಲ ಎರಡು ದಿನ ಹುಡುಕಿದ್ದೆವು! ಗಡ್ಡೆ ಹೆಚ್ಚುವಾಗ ಅಮ್ಮ ಕೈಗೆ ಎಣ್ಣೆ ಸವರಿ, ಹುಣಸೆಹುಳಿ ಹಾಕಿ ಬೇಯಿಸುವುದು ಯಾಕೆ ಗೊತ್ತಲ್ವಾ? ತುರಿಕೆಗೆ. ಸೂಜಿಯಂಥ ಸಣ್ಣ ಹರಳುಗಳು ಚುಚ್ಚುತ್ತವೆ. ಅದೇ ಹರಳು ಆ ಇಂಗ್ಲೆಂಡಿನ ಗಿಡದಲ್ಲೂ ಇದೆ. ಅದರ ಕೆಂಪು ಹಣ್ಣು ವಿಷ.

ಟೂತ್‌ವರ್ಟ್ ಅಂತ ಇನ್ನೊಂದಿದೆ. ಮೈಯಲ್ಲಿ ಹಸಿರೇ ಇಲ್ಲ. ಹೇಜಲ್ ಮರದ ಬೇರಿಗೆ ಅಂಟಿ ಅಲ್ಲಿಂದಲೇ ಊಟ, ವಸಂತದಲ್ಲಿ ಮಾತ್ರ ಪೇಲವ ಗುಲಾಬಿ ಹೂ ಹೊತ್ತು ಮೇಲೆ ಬರುತ್ತದೆ. ನಿಮ್ಮ ಕಡೆ ಜೋಳದ ಬೇರು ಹೀರುವ ಸ್ಟ್ರೈಗಾ ಕಳೆ ಇದೆಯಲ್ಲ, ಅದೂ ಇದೇ ಕುಟುಂಬ.

ಪ್ರಶ್ನೆ: ಬೀ ಆರ್ಕಿಡ್ ಬೀಜ ಆನ್‌ಲೈನಿನಲ್ಲಿ ಮಾರುತ್ತಿದ್ದಾರೆ. ತರಿಸಲಾ?
– ಓದುಗರು, ಕೊಪ್ಪಳ

ಉತ್ತರ: ದಯವಿಟ್ಟು ಬೇಡ. ಹೋದ ವರ್ಷ ನಾನೇ ಒಂದು ಪೊಟ್ಟಣ ತರಿಸಿ ಬಿಡಿಸಿ ನೋಡಿದೆ. ಒಳಗೆ ಸಾಸಿವೆ ಗಾತ್ರದ ಕಪ್ಪು ಕಾಳು! ಆರ್ಕಿಡ್ ಬೀಜ ಹಾಗಿರುವುದಿಲ್ಲ. ಧೂಳಿನಷ್ಟು ನಯ, ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಬೀಜದಲ್ಲಿ ಊಟದ ದಾಸ್ತಾನಿಲ್ಲದ ಕಾರಣ ಮಣ್ಣಿನಲ್ಲಿ ಅದಕ್ಕೆ ಹೊಂದುವ ಶಿಲೀಂಧ್ರ ಸಿಕ್ಕರೆ ಮಾತ್ರ ಮೊಳಕೆ. ನಮ್ಮ 40 ಡಿಗ್ರಿ ಬಿಸಿಲಲ್ಲಿ ಆ ಗಿಡ ಬದುಕುವುದೂ ಅನುಮಾನ. ಯಾರಾದರೂ ನಿಜವಾದ ಗಡ್ಡೆ ಕಳಿಸಿದರೂ ಕಷ್ಟವೇ: ಇಂಗ್ಲೆಂಡಿನಲ್ಲಿ ಜಮೀನಿನವರ ಒಪ್ಪಿಗೆಯಿಲ್ಲದೆ ಕಾಡುಗಿಡ ಕೀಳುವುದು 1981ರ ಕಾಯ್ದೆಯಡಿ ಅಪರಾಧ, ಇಲ್ಲಿಗೆ ತರಲೂ ಪರವಾನಗಿ ಬೇಕು. ಆ ದುಡ್ಡಿಗೆ ಸಂತೆಯಲ್ಲಿ ಮೊಳಕೆ ಬಂದ ಸುವರ್ಣಗಡ್ಡೆ ತಂದು ನೆಡಿ. ಹೂ ಬಿಟ್ಟರೆ ಸಂಜೆ ಹತ್ತಿರ ಹೋಗಿ ದಿಂಡು ಮುಟ್ಟಿ ನೋಡಿ. ಬೆಚ್ಚಗಿರುತ್ತದೆ.