ಸಂಪಾದಕರ ಉತ್ತರ: ಬೀಗ ಎಲ್ಲರಿಗೂ ಬೀಳಲಿಲ್ಲ

ಸಾಗರದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: “2020ರಲ್ಲಿ, ಕೋವಿಡ್ ಕಾಲದಲ್ಲಿ, ಆರು ತಿಂಗಳು ನ್ಯೂಜೆರ್ಸಿಯ ಮಗನ ಮನೆಯಲ್ಲಿ ಸಿಕ್ಕಿಕೊಂಡಿದ್ದೆ. ಅವನ ಕಚೇರಿ ಊಟದ ಮೇಜಿಗೇ ಬಂದಿತ್ತು. ನಾವ್ಯಾರೂ ಹೊಸ್ತಿಲು ದಾಟಲಿಲ್ಲ. ಲ್ಯಾಟಿನೋಗಳ ದಿನಚರಿ ತಲೆಕೆಳಗಾಯಿತು ಎಂದು ಕಳೆದ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೀರಿ. ಬೀಗ ಎಲ್ಲರಿಗೂ ಬಿದ್ದಿತ್ತಲ್ಲ? ಆ ಸ್ಪೇನಿನವರದ್ದೇನು ಬೇರೆ ಕಥೆ?”

ಮೇಷ್ಟ್ರೇ, ಒಂದೇ ಸಾಲಿನಲ್ಲಿ ತೇಲಿಸಿಬಿಟ್ಟದ್ದು ನಮ್ಮ ತಪ್ಪು, ಒಪ್ಪಿದೆ. ಆದರೆ ಬೀಗ ಎಲ್ಲರಿಗೂ ಬೀಳಲಿಲ್ಲ. ಅಮೆರಿಕದಲ್ಲಿ ನಿಮ್ಮ ಮಗನ ಹಾಗೆ ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ ಇದ್ದದ್ದು ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಕಾರ್ಮಿಕರಲ್ಲಿ ಹೆಚ್ಚುಕಡಿಮೆ ಆರಕ್ಕೆ ಒಬ್ಬರಿಗೆ. ಹೋಟೆಲುಗಳು ಮುಚ್ಚಿ, ಮನೆಗೆಲಸ ನಿಂತು ಎಷ್ಟೋ ಜನರ ಕೈ ಬರಿದಾಯಿತು. ಆ ಏಪ್ರಿಲ್‌ನಲ್ಲಿ ಅವರ ನಿರುದ್ಯೋಗ ಪ್ರಮಾಣ ಶೇ 18.9. ಉಳಿದವರು ಹೊಲ, ಗೋದಾಮು, ಮಾಂಸದ ಕಾರ್ಖಾನೆಗಳಿಗೆ ಎಂದಿನಂತೆ ಬೆಳಗಾಗುವ ಮುಂಚೆ ಹೊರಟರು.

ಹೀಗೆ ಹೊರಟವರ ಜೇಬಿನಲ್ಲೊಂದು ಚೀಟಿ ಇತ್ತು. ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಹೊಲದ ಮಾಲೀಕರು ಕೂಲಿಯವರಿಗೆ ಒಂದೊಂದು ಪತ್ರ ಬರೆದುಕೊಟ್ಟರು. ಇವರು ಆಹಾರ ಪೂರೈಕೆಗೆ ಅತ್ಯಗತ್ಯವಾದ ಕೆಲಸಗಾರರು ಎಂಬುದು ಅದರ ಸಾರ. ಪೊಲೀಸರು ತಡೆದರೆ ತೋರಿಸಬೇಕು. ಪೊಲೀಸರ ಕಾರು ಕಂಡರೆ ದಾರಿ ಬದಲಿಸುತ್ತಿದ್ದ, ವಲಸೆಯ ದಾಖಲೆಗಳಿಲ್ಲದ ಜನ ಈಗ ಈ ಕಾಗದವನ್ನು ಜತನವಾಗಿ ಮಡಚಿ ಇಟ್ಟುಕೊಂಡರು. ಗಡೀಪಾರು ಮಾಡಲು ಬಂದವರನ್ನು ತಡೆಯುವ ಶಕ್ತಿ ಅದಕ್ಕಿರಲಿಲ್ಲ. ಅದೇ ತಿಂಗಳ ಕೊನೆಯಲ್ಲಿ ಸರ್ಕಾರ ಘೋಷಿಸಿದ ತಲಾ 1,200 ಡಾಲರ್ ನೆರವಿನಲ್ಲಿ, ತೆರಿಗೆ ಕಟ್ಟುತ್ತಿದ್ದರೂ, ಅವರಿಗೆ ಪಾಲಿಲ್ಲ. ಗಂಡನಿಗೆ ಸಾಮಾಜಿಕ ಭದ್ರತಾ ಸಂಖ್ಯೆ (ಅಲ್ಲಿ ಕಾನೂನುಬದ್ಧವಾಗಿ ದುಡಿಯುವವರಿಗೆ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಇಲ್ಲವೆಂದರೆ, ಅವನ ಜೊತೆ ಜಂಟಿಯಾಗಿ ತೆರಿಗೆ ಲೆಕ್ಕ ಸಲ್ಲಿಸಿದ ಅಮೆರಿಕನ್ ಹೆಂಡತಿಗೂ ಇಲ್ಲ! ಹೆಂಡತಿಯ ಈ ನಿಯಮವನ್ನಷ್ಟೇ ಡಿಸೆಂಬರ್‌ನಲ್ಲಿ ತಿದ್ದಿದರು. ಮಾಂಸದ ಕಾರ್ಖಾನೆಗಳಲ್ಲಿ ಸೋಂಕು ಹಬ್ಬಿದಾಗ, ಅವು ಮುಚ್ಚದಂತೆ ನೋಡಿಕೊಳ್ಳಲು ಏಪ್ರಿಲ್ 28ರಂದು ಅಧ್ಯಕ್ಷರೇ ಆದೇಶ ಹೊರಡಿಸಿದ್ದರು. ಇದಕ್ಕೆ ಮಾತ್ರ ತಡವಾಗಲಿಲ್ಲ.

ಇನ್ನು ಮನೆ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಕೊರೋನಾ ಎಂಬ ಹೆಸರಿನದೇ ಒಂದು ಬಡಾವಣೆ ಇದೆ. ವೈರಸ್ಸಿಗಿಂತ ಹೆಸರು ನೂರಕ್ಕೂ ಹೆಚ್ಚು ವರ್ಷ ಹಳೆಯದು. ಅಲ್ಲಿ ಲ್ಯಾಟಿನೋಗಳೇ ಹೆಚ್ಚು. ಬಾಡಿಗೆ ಭರಿಸಲಾಗದೆ ಒಂದೇ ಮನೆಯಲ್ಲಿ ಕೋಣೆಗೊಂದು ಸಂಸಾರ, ಎಲ್ಲರಿಗೂ ಸೇರಿ ಒಂದು ಬಚ್ಚಲು. ಸೋಂಕು ತಗುಲಿದವರು ಪ್ರತ್ಯೇಕ ಕೋಣೆಯಲ್ಲಿರಬೇಕು ಎಂದು ಟಿ.ವಿ.ಯಲ್ಲಿ ಹೇಳಿದರೆ ಅದನ್ನು ಎಲ್ಲಿಂದ ತರುವುದು? ಪಕ್ಕದ ಎಲ್ಮ್‌ಹರ್ಸ್ಟ್ ಆಸ್ಪತ್ರೆಯಲ್ಲಿ ಆ ಮಾರ್ಚ್‌ನ ಒಂದೇ ದಿನ 13 ಜನ ತೀರಿಕೊಂಡರು.

ಸತ್ತವರ ಮನೆಯಲ್ಲಿ ಒಂಬತ್ತು ದಿನ ನೆಂಟರಿಷ್ಟರು ಕೂಡಿ ಜಪಮಾಲೆ ಹಿಡಿದು ಪ್ರಾರ್ಥಿಸುವುದು ಮೆಕ್ಸಿಕನ್ನರ ರೂಢಿ, ನೋವೆನಾರಿಯೋ ಎನ್ನುತ್ತಾರೆ. ಅದು ಮೊಬೈಲ್ ಪರದೆಗೆ ಬಂತು. ಹೆಣವನ್ನು ಊರಿಗೆ ಒಯ್ದು ಹೂಳಬೇಕೆಂಬ ಆಸೆಯನ್ನೂ ಬಿಡಬೇಕಾಯಿತು. ಜುಲೈನಲ್ಲಿ ನ್ಯೂಯಾರ್ಕಿನ ಸೇಂಟ್ ಪ್ಯಾಟ್ರಿಕ್ ಕ್ಯಾಥೆಡ್ರಲ್‌ನಲ್ಲಿ ಸುಮಾರು 250 ಬೂದಿ ಕರಂಡಕಗಳಿಗೆ ಪೂಜೆ ಸಲ್ಲಿಸಿ, ಮೆಕ್ಸಿಕೋದ ವಾಯುಪಡೆಯ ವಿಮಾನದಲ್ಲಿ ಕಳುಹಿಸಿದರು. ಅಮೆರಿಕದ ಬಿಳಿಯರಿಗಿಂತ ಹೆಚ್ಚು ಕಾಲ ಬಾಳುವವರೆಂದು ಹೆಸರಾಗಿದ್ದ ಈ ಜನರ ಸರಾಸರಿ ಆಯುಷ್ಯ ಒಂದೇ ವರ್ಷದಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಕುಸಿಯಿತು.

ಇಷ್ಟಾಗಿಯೂ ಊರಿಗೆ ಹಣ ಕಳುಹಿಸುವುದು ನಿಲ್ಲಲಿಲ್ಲ, ಹೆಚ್ಚಾಯಿತು: 2020ರಲ್ಲಿ ಮೆಕ್ಸಿಕೋಗೆ ಹೊರಗಿನಿಂದ ಬಂದದ್ದು 4,000 ಕೋಟಿ ಡಾಲರ್‌ಗೂ ಮಿಕ್ಕಿ, ಬಹುಪಾಲು ಅಮೆರಿಕದಿಂದಲೇ. ಇದನ್ನು ಓದಿದಾಗ ನಾನು ಅಂಕಿಯನ್ನು ಎರಡೆರಡು ಸಲ ನೋಡಿದೆ.

ಕೊನೆಗೊಂದು ಸಣ್ಣ ತಿದ್ದುಪಡಿ, ಮೇಷ್ಟ್ರಿಗೇ ತಿದ್ದುವ ಧಾರ್ಷ್ಟ್ಯಕ್ಕೆ ಕ್ಷಮೆ ಇರಲಿ. ಅವರು ಸ್ಪೇನಿನವರಲ್ಲ. ಮೆಕ್ಸಿಕೋ, ಎಕ್ವಡಾರ್, ಗ್ವಾಟೆಮಾಲಾ ಎಂದು ಎಲ್ಲೆಲ್ಲಿಂದಲೋ ಬಂದವರು, ಇಲ್ಲವೇ ಅಮೆರಿಕದಲ್ಲೇ ಹುಟ್ಟಿದವರು. ಹೊಲದ ಕೂಲಿಗಳಲ್ಲಿ ಕೆಲವರಿಗೆ ಸ್ಪ್ಯಾನಿಷ್ ಕೂಡ ಸರಿಯಾಗಿ ಬಾರದು. ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್‌ನಲ್ಲಿ ಸ್ಟ್ರಾಬೆರಿ ಕೀಳುವವರಿಗೆ ಮಾಸ್ಕಿನ ವಿಚಾರ, ಪರೀಕ್ಷೆಯ ವಿಚಾರ ತಲುಪಿಸಲು ಅಲ್ಲಿನ ಸಣ್ಣ ರೇಡಿಯೋ ಕೇಂದ್ರವೊಂದು ಅವರ ಮನೆಮಾತಾದ, ಮೆಕ್ಸಿಕೋದ ಮೂಲನಿವಾಸಿಗಳ ಮಿಸ್ಟೆಕೋ ಭಾಷೆಯಲ್ಲೇ ಮಾತನಾಡಬೇಕಾಯಿತು.

– ಸಂಪಾದಕ