ಸ್ಟೇಷನ್ ಇದೆ, ರೈಲು ಯಾಕೆ ನಿಲ್ಲಲ್ಲ?

ಪ್ರಶ್ನೆ: ನಮ್ಮೂರು ಮೈಸೂರು–ಚಾಮರಾಜನಗರ ರೈಲು ದಾರಿ ಪಕ್ಕದಲ್ಲಿದೆ. ಹಳೇ ಸ್ಟೇಷನ್ ಕಟ್ಟಡ ಇನ್ನೂ ನಿಂತಿದೆ, ಟಿಕೆಟ್ ಕಿಟಕಿಗೆ ಹಲಗೆ ಹೊಡೆದಿದ್ದಾರೆ. ಜನ ಹತ್ತುತ್ತಿರಲಿಲ್ಲ, ಮುಚ್ಚಿದರು ಅಂತಾರೆ ನಮ್ಮ ತಾತ. ಅಷ್ಟೇನಾ ಸಾರ್?
– ಓದುಗ, ನಂಜನಗೂಡು ತಾಲ್ಲೂಕು

ಉತ್ತರ: ತಾತ ಹೇಳಿದ್ದು ಸುಳ್ಳಲ್ಲ, ಆದ್ರೆ ಅರ್ಧ ಕಥೆ. ಸಣ್ಣ ಸ್ಟೇಷನ್‌ಗಳನ್ನು ಕಟ್ಟಿದ್ದು ಬರೀ ಜನ ಹತ್ತಲಿ ಅಂತಲ್ಲ. ನಂಜನಗೂಡಿಗೆ ಮೀಟರ್ ಗೇಜ್ (ಕಿರಿದಾದ ಹಳಿ) ರೈಲು ಬಂದಿದ್ದು 1891ರಲ್ಲಿ, ಚಾಮರಾಜನಗರದವರೆಗೆ ಹೋಗಿದ್ದು 1926ರಲ್ಲಿ. ಇರೋದು ಒಂದೇ ಹಳಿ. ಎದುರಿಂದ ಇನ್ನೊಂದು ಗಾಡಿ ಬಂದರೆ ಯಾವುದೋ ಒಂದು ಪಕ್ಕದ ಲೈನಿಗೆ ಸರಿದು ಕಾಯಬೇಕಲ್ವಾ? ಅದೇ ಕ್ರಾಸಿಂಗ್. ಅದಕ್ಕೊಂದು ಸ್ಟೇಷನ್, ಅಲ್ಲೊಬ್ಬ ಮಾಸ್ಟರು, ಹಳಿ ಬದಲಾಯಿಸೋ ಪಾಯಿಂಟ್ಸ್‌ಮನ್ನು ಬೇಕಿತ್ತು.

ಇಂಥ ದಾರಿಗಳಲ್ಲಿ ಟೋಕನ್, ಅಂದ್ರೆ ಮುಂದಿನ ಹಳಿ ಖಾಲಿ ಇದೆ ಹೋಗಬಹುದು ಅನ್ನೋ ಗುರುತು, ಇಲ್ಲದೆ ಗಾಡಿ ಮುಂದಕ್ಕೆ ಹೋಗುವಂತಿರಲಿಲ್ಲ. ಮಾಸ್ಟರ ಕೋಣೆಯ ಯಂತ್ರದಿಂದ ಟೋಕನ್ ಆಗಿ ಕಬ್ಬಿಣದ ಗುಂಡು ಹೊರಗೆ ಬರುತ್ತಿತ್ತು, ಅದನ್ನು ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಹಾಕಿ, ಗಾಡಿ ನಿಲ್ಲದಿದ್ದರೂ ಪ್ಲಾಟ್‌ಫಾರ್ಮ್ ಮೇಲೆ ಎತ್ತಿ ಹಿಡಿಯುತ್ತಿದ್ದರು, ಎಂಜಿನ್‌ನಲ್ಲಿದ್ದವನು ತೋಳು ಚಾಚಿ ಬಳೆ ಸಿಕ್ಕಿಸಿಕೊಂಡು ಹೋಗುತ್ತಿದ್ದ. ನೋಡೋಕೆ ಸರ್ಕಸ್ಸೇ! ಉಗಿ ಎಂಜಿನ್‌ಗೆ ನೀರು ತುಂಬಿಸೋ ಕೆಲಸ ಬೇರೆ. ಆಮೇಲೆ ಡೀಸೆಲ್ ಬಂತು, ನೀರು ಬೇಡವಾಯಿತು. 2008ರ ಹೊತ್ತಿಗೆ ಬ್ರಾಡ್ ಗೇಜೂ (ಅಗಲದ ಹಳಿ) ಬಂತು. ಈಗ ಕ್ರಾಸಿಂಗ್ ಲೈನ್ ಇಲ್ಲದ ಕಡೆ ಮಾಸ್ಟರಿಗೆ ಏನು ಕೆಲಸ? ಅಂಥ ಸ್ಟೇಷನ್ ಹಾಲ್ಟ್, ಅಂದ್ರೆ ಮಾಸ್ಟರಿಲ್ಲದ ಬರೀ ನಿಲುಗಡೆ, ಆಗುತ್ತೆ, ಟಿಕೆಟ್ ಮಾರೋಕೆ ಕಮಿಷನ್ ಏಜೆಂಟ್ ಬರ್ತಾನೆ, ವ್ಯಾಪಾರ ಗಿಟ್ಟದಿದ್ರೆ ಅವನೂ ಬಿಟ್ಟು ಹೋಗ್ತಾನೆ. ಬಾಗಿಲಲ್ಲೇ ಬಸ್ಸು, ಆಟೋ ಸಿಗೋವಾಗ ದಿನಕ್ಕೊಂದೆರಡು ಪ್ಯಾಸೆಂಜರ್ ರೈಲಿಗೆ ಯಾರು ಕಾಯ್ತಾರೆ ಹೇಳಿ. ಜನ ಬರಲ್ಲ ಅಂತ ರೈಲು ಕಡಿಮೆ ಮಾಡ್ತಾರೆ, ರೈಲಿಲ್ಲ ಅಂತ ಜನ ಬರಲ್ಲ. ತಾತನ ಮಾತು ಇಲ್ಲಿಗೆ ಸರಿ ಹೊಂದುತ್ತೆ.

ಬ್ರಾಡ್ ಗೇಜ್ ಹೊಡೆತ ಸ್ಟೇಷನ್‌ಗಳಿಗಷ್ಟೇ ಅಲ್ಲ. 1735ರಲ್ಲಿ ದಳವಾಯಿ ದೇವರಾಜಯ್ಯ ನಂಜನಗೂಡಿನ ಕಪಿಲಾ ನದಿಗೆ ಕಟ್ಟಿಸಿದ ಸೇತುವೆ ಮೇಲೆ ರಸ್ತೆ, ಮೀಟರ್ ಗೇಜ್ ಹಳಿ ಎರಡೂ ಜೊತೆಗೇ ಇದ್ದವು. ಅದರ ಪಕ್ಕ ಹೊಸ ಸೇತುವೆ ಬಂತು, ಹಳೇದಕ್ಕೆ ರೈಲಿನ ಕೆಲಸ ತಪ್ಪಿತು.

ನಿಮ್ಮ ಸ್ಟೇಷನ್ ಹತ್ತಿರ ಒಂದು ಸಲ ಸುಮ್ನೆ ನಡೆದು ನೋಡಿ. ಈಗಿನ ಹಳಿ ಪಕ್ಕ ಉದ್ದಕ್ಕೂ ಸಮತಟ್ಟಾದ ಜಾಗ ಇದ್ದರೆ ಅಲ್ಲೇ ಕ್ರಾಸಿಂಗ್ ಲೈನ್ ಇದ್ದಿರಬಹುದು. ಯಾವ ವರ್ಷ ಮುಚ್ಚಿದರು ಅಂತ ಗೊತ್ತಾಗಬೇಕಾದ್ರೆ ಮೈಸೂರು ವಿಭಾಗೀಯ ರೈಲ್ವೆ ಕಚೇರಿಗೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಸ್ಟೇಷನ್ ಹೆಸರು ಹಳೇ ಬೋರ್ಡ್‌ನಲ್ಲಿ ಹೇಗಿದೆಯೋ ಹಾಗೇ ಬರೀರಿ.