ಹಣ ತಡೆದರೂ ನಿಲ್ಲದ ಕಚೇರಿ

‘ಗಡೀಪಾರು ಮಾಡಬೇಕಾದವರನ್ನು ಅಧ್ಯಕ್ಷರು ಸುಮ್ಮನೆ ಬಿಟ್ಟರೆ ಅಮೆರಿಕದ ಸಂಸತ್ತು ದುಡ್ಡು ಕೊಡುವುದನ್ನೇ ನಿಲ್ಲಿಸಬಹುದಲ್ಲ?’ ಎಂದು ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ.

ಆ ಪ್ರಯತ್ನವೂ ಆಗಿದೆ. ದಾಖಲೆಯಿಲ್ಲದೆ ನೆಲೆಸಿದ್ದರೂ ಅಮೆರಿಕದ ಪೌರತ್ವವಿರುವ ಮಕ್ಕಳನ್ನು ಹೊಂದಿದ ತಂದೆತಾಯಿಯರ ಗಡೀಪಾರನ್ನು ಮುಂದೂಡುವುದಾಗಿ ಒಬಾಮಾ ಸರ್ಕಾರ 2014ರ ನವೆಂಬರ್‌ನಲ್ಲಿ ಘೋಷಿಸಿತು. ದಾಖಲೆಯಿಲ್ಲದವರು ಸುಮಾರು 1.13 ಕೋಟಿ; ಕೈಯಲ್ಲಿರುವ ಹಣದಲ್ಲಿ ವರ್ಷಕ್ಕೆ 4 ಲಕ್ಷ ಜನರನ್ನೂ ಹೊರಗೆ ಕಳಿಸಲಾಗದು, ಹಾಗಾಗಿ ಯಾರು ಮೊದಲು ಎಂದು ಆರಿಸಲೇಬೇಕು ಎಂಬುದು ಸರ್ಕಾರದ ವಾದ. 2015ರ ಜನವರಿ 14ರಂದು ಕೆಳಮನೆ, ವಲಸೆಯನ್ನು ನೋಡಿಕೊಳ್ಳುವ ಗೃಹಭದ್ರತಾ ಇಲಾಖೆಯ ಅನುದಾನ ಮಸೂದೆಗೆ ಈ ಯೋಜನೆಯನ್ನು ತಡೆಯುವ ತಿದ್ದುಪಡಿ ಸೇರಿಸಿತು.

ತೊಡಕು ಇದ್ದದ್ದು ಇಲ್ಲಿ. ಗಡೀಪಾರು ಮುಂದೂಡಿ ಎಂದು ಕೋರುವ ಅರ್ಜಿಗಳನ್ನು ನೋಡುವ ಕಚೇರಿ ಬಹುಪಾಲು ನಡೆಯುವುದು ಅರ್ಜಿದಾರರು ಕಟ್ಟುವ ಶುಲ್ಕದಿಂದ. ಚಿಕ್ಕಂದಿನಲ್ಲೇ ಬಂದವರಿಗಾಗಿ 2012ರಲ್ಲಿ ಶುರುವಾದ ಯೋಜನೆಗೆ ಆಗ ತಲಾ 465 ಡಾಲರ್ ಕಟ್ಟಬೇಕಿತ್ತು. ಅನುದಾನ ನಿಂತರೆ ಗಡಿ ಕಾಯುವವರ ಸಂಬಳ ತಡವಾಗುತ್ತಿತ್ತೇ ಹೊರತು ಈ ಕಚೇರಿಯ ಬಾಗಿಲು ಮುಚ್ಚುತ್ತಿರಲಿಲ್ಲ. ಅದಕ್ಕೇ ಯೋಜನೆಗೆ ಶುಲ್ಕದ ಹಣವನ್ನೂ ಬಳಸಕೂಡದೆಂದು ತಿದ್ದುಪಡಿಯಲ್ಲಿ ಬರೆದರು. ಮೇಲ್ಮನೆಯಲ್ಲಿ ಅದಕ್ಕೆ ಬೇಕಿದ್ದ 60 ಮತ ಹುಟ್ಟಲಿಲ್ಲ. ಮಾರ್ಚ್ 3ರಂದು ತಿದ್ದುಪಡಿಯನ್ನು ಕೈಬಿಟ್ಟೇ ಮಸೂದೆಗೆ ಕೆಳಮನೆ ಒಪ್ಪಿತು. 2014ರ ಯೋಜನೆ ಆ ಹೊತ್ತಿಗಾಗಲೇ ನಿಂತಿತ್ತು, ಆದರೆ ನಿಲ್ಲಿಸಿದ್ದು ಟೆಕ್ಸಾಸ್‌ನ ಫೆಡರಲ್ ನ್ಯಾಯಾಧೀಶರು ಫೆಬ್ರುವರಿ 16ರಂದು ಕೊಟ್ಟ ತಡೆಯಾಜ್ಞೆ.

ಒಂದು ಸದನದ ನಿರ್ಣಯದಿಂದಲೇ ಅಧಿಕಾರಿಗಳ ತೀರ್ಮಾನವನ್ನು ರದ್ದು ಮಾಡುವ ದಾರಿಯೂ ಹಿಂದೆ ಇತ್ತು. ಕೀನ್ಯಾದಲ್ಲಿ ಹುಟ್ಟಿದ ಭಾರತೀಯ ಮೂಲದ ಜಗದೀಶ್ ರಾಯ್ ಚಡ್ಡಾ ವಿದ್ಯಾರ್ಥಿ ವೀಸಾ ಮುಗಿದ ಮೇಲೂ ಉಳಿದಿದ್ದರು. ಅವರ ಗಡೀಪಾರನ್ನು ಕೈಬಿಟ್ಟ ತೀರ್ಮಾನವನ್ನು 1975ರಲ್ಲಿ ಕೆಳಮನೆ ತಳ್ಳಿಹಾಕಿತು. ಎರಡೂ ಸದನ ಒಪ್ಪದೆ, ಅಧ್ಯಕ್ಷರ ಮುಂದೆ ಹೋಗದೆ ಹಾಗೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1983ರಲ್ಲಿ ಆ ದಾರಿಯನ್ನೇ ಮುಚ್ಚಿತು.

2025ರ ಜನವರಿಯ ಲೇಕನ್ ರೈಲಿ ಕಾಯ್ದೆಯ ಜಾಣತನ ಬೇರೆ. ದಾಖಲೆಯಿಲ್ಲದವರ ಮೇಲೆ ಅಂಗಡಿಗಳ್ಳತನದಂಥ ಆರೋಪ ಬಂದರೆ ಸಾಕು, ಶಿಕ್ಷೆ ಆಗಿರಬೇಕಿಲ್ಲ, ಹಿಡಿದಿಡಲೇಬೇಕು. ಕೇಂದ್ರ ಹಾಗೆ ಮಾಡದಿದ್ದರೆ 100 ಡಾಲರಿಗಿಂತ ಹೆಚ್ಚು ನಷ್ಟ ತೋರಿಸಿದ ರಾಜ್ಯವೂ ದಾವೆ ಹೂಡಬಹುದು. ಇಂಥ ದಾವೆಗೆ ರಾಜ್ಯಗಳಿಗೆ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಟೆಕ್ಸಾಸನ್ನು ವಾಪಸು ಕಳಿಸಿತ್ತು. ಆ ಬಾಗಿಲನ್ನೇ ಸಂಸತ್ತು ಈಗ ತೆರೆಯಲು ಹೊರಟಿದೆ. ಆದರೂ ‘ಹಿಡಿದಿಡಲೇಬೇಕು’ ಎಂಬ ಮಾತು 1996ರ ಕಾನೂನಿನಲ್ಲೂ ಇತ್ತು. ಹಿಡಿದವರನ್ನು ಇಡುವಷ್ಟು ಹಾಸಿಗೆಗಳಿಗೆ ಮಾತ್ರ ಸಂಸತ್ತು ಆಗ ದುಡ್ಡು ಕೊಟ್ಟಿರಲಿಲ್ಲ.